ಬೋರ್ಡಿನಲ್ಲಿ ‘ಇಂಟರ್‌ನ್ಯಾಷನಲ್’ ಅಂತ ಇದ್ದರೆ ಸಾಲದು, ಸೆಂಟರ್ ನಂಬರ್ ಕೇಳಿ

ಹುಬ್ಬಳ್ಳಿ-ಧಾರವಾಡದಲ್ಲಿ ಮತ್ತೆ ಅಡ್ಮಿಷನ್ ಶುರುವಾಗಿದೆ. ಮಗನನ್ನೋ ಮಗಳನ್ನೋ ಹೈಸ್ಕೂಲಿಗೆ ಇಂಟರ್‌ನ್ಯಾಷನಲ್ ಶಾಲೆಗೆ ಹಾಕೋಣ ಅಂತ ಓಡಾಡುತ್ತಿರುವವರು ದಯವಿಟ್ಟು ಇದನ್ನು ಕೊನೆತನಕ ಓದಿ. ನನ್ನ ಮಗಳ ಒಂದು ವರ್ಷ ಹಾಳಾಯಿತು. ಶಾಲೆಯ ಹೆಸರು ಬರೆಯುವುದಿಲ್ಲ. ಅಲ್ಲಿ ಇನ್ನೂ ಮಕ್ಕಳು ಓದುತ್ತಿದ್ದಾರೆ, ಅವರಿಗೆ ತೊಂದರೆ ಆಗಬಾರದು.

ಎಂಟನೇ ತರಗತಿವರೆಗೆ ಅವಳು ವಿದ್ಯಾನಗರದಲ್ಲಿ ಸ್ಟೇಟ್ ಸಿಲೆಬಸ್‌ನಲ್ಲೇ ಓದಿದಳು. ಒಂಬತ್ತಕ್ಕೆ ಬದಲಿಸಿದೆವು. ಮೊದಲ ದಿನ ಆಫೀಸಿನಲ್ಲಿ ಮೇಜಿನ ಮೇಲೆ ಕೇಂಬ್ರಿಡ್ಜ್ ಹೆಸರಿನ ದಪ್ಪ ದಪ್ಪ ಪುಸ್ತಕ ಜೋಡಿಸಿಟ್ಟಿದ್ದರು. ‘ನಮ್ಮದು ಐಜಿಸಿಎಸ್‌ಇ’ ಅಂದರು, ಅಂದರೆ ಇಂಗ್ಲೆಂಡಿನ ಕೇಂಬ್ರಿಡ್ಜ್ ಬೋರ್ಡಿನ ಹತ್ತನೇ ತರಗತಿ ಮಟ್ಟದ ಪರೀಕ್ಷೆ. ನಾನು ಪುಸ್ತಕ ನೋಡಿ ನಂಬಿದೆ. ಆ ಪುಸ್ತಕಗಳನ್ನು ದುಡ್ಡು ಕೊಟ್ಟರೆ ಯಾರು ಬೇಕಾದರೂ ಕೊಳ್ಳಬಹುದು. ಪುಸ್ತಕ ಕೇಂಬ್ರಿಡ್ಜ್‌ದಾದರೆ ಶಾಲೆಯೂ ಕೇಂಬ್ರಿಡ್ಜ್‌ದು ಅಂತ ಅರ್ಥ ಅಲ್ಲ. ಇದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು, ವರ್ಷಕ್ಕೆ 1.6 ಲಕ್ಷ ಫೀಸೂ ಹೋಯಿತು.

ಮೊದಲ ವರ್ಷ ಚೆನ್ನಾಗಿಯೇ ಇತ್ತು, ಅದನ್ನೂ ಹೇಳಬೇಕು. ಉಣಕಲ್ ಕೆರೆಯ ನೀರಿನ ಮೇಲೆ ಒಂದು ಪ್ರಾಜೆಕ್ಟ್ ಮಾಡಿದಳು. ನಾಲ್ಕು ಕಡೆಯ ನೀರು ನಾಲ್ಕು ಬಾಟಲಿಯಲ್ಲಿ ತಂದು, ಚೀಟಿ ಅಂಟಿಸಿ, ಅಡುಗೆಮನೆ ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದಳು. ದಿನಾ ಬೆಳಿಗ್ಗೆ ಎದ್ದು ತಳದಲ್ಲಿ ಎಷ್ಟು ಕೆಸರು ಕೂತಿದೆ ಅಂತ ಸ್ಕೇಲ್ ಹಿಡಿದು ಅಳೆಯುತ್ತಿದ್ದಳು. ಬಾಯಿಪಾಠ ಮಾಡುತ್ತಿದ್ದ ಹುಡುಗಿ ‘ಯಾಕೆ’ ಅಂತ ಕೇಳಲು ಕಲಿತಳು. ಆ ಪದ್ಧತಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ.

ಹತ್ತರಲ್ಲಿ ಎಲ್ಲ ಕೆಟ್ಟಿತು. ಫಿಸಿಕ್ಸ್‌ಗೆ ಒಂದೇ ವರ್ಷದಲ್ಲಿ ಮೂವರು ಟೀಚರ್ ಬದಲಾದರು. ಹಿಂದಿಗೆ ಟೀಚರ್ ಸಿಗಲಿಲ್ಲ ಅಂತ ಆ ವಿಷಯವನ್ನೇ ಬಿಡಿಸಿದರು. ಉಳಿದದ್ದು ಐದು: ಇಂಗ್ಲಿಷ್, ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ. ಪರೀಕ್ಷೆ ಯಾವಾಗ ಅಂತ ಪ್ರಿನ್ಸಿಪಾಲರನ್ನು ಕೇಳಿದರೆ, ‘ಸರ್, ಟೆನ್ಶನ್ ತಗೋಬ್ಯಾಡ್ರಿ, ಎಲ್ಲಾ ಪ್ರೋಸೆಸ್‌ನ್ಯಾಗ ಐತಿ’ ಅನ್ನುತ್ತಿದ್ದರು. ಮಾನ್ಯತೆಯ ಕಾಗದ ತೋರಿಸಿ ಅಂದಾಗ ಯುಡೈಸ್ ಕೋಡ್ ತೋರಿಸಿದರು. 29ರಿಂದ ಶುರುವಾಗುವ 11 ಅಂಕಿಯ ಆ ನಂಬರ್ ಕರ್ನಾಟಕದ ಶಾಲೆಗಳಿಗೆ, ನಮ್ಮ ಸರ್ಕಾರಿ ಶಾಲೆಗಳಿಗೂ ಇರುತ್ತದೆ. ಪರೀಕ್ಷೆ ನಡೆಸುವ ಬೋರ್ಡಿಗೂ ಅದಕ್ಕೂ ಸಂಬಂಧವೇ ಇಲ್ಲ. ನಾನು ನಂಬರ್ ನೋಡಿ ತಲೆಯಾಡಿಸಿ ಬಂದೆ.

ಏಪ್ರಿಲ್‌ನಲ್ಲಿ ಸ್ಟೇಟ್‌ಮೆಂಟ್ ಆಫ್ ಎಂಟ್ರಿ ಕೈಗೆ ಬಂತು. ನಮ್ಮ ಹಾಲ್ ಟಿಕೆಟ್ ಇದ್ದ ಹಾಗೆ. ಮಗಳು ಅದನ್ನು ಊಟದ ತಟ್ಟೆ ಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ‘ಅಪ್ಪಾ, ಇದರಾಗ ನಮ್ಮ ಸಾಲಿ ಹೆಸರಿಲ್ಲ ನೋಡು’ ಅಂದಳು. ಬೆಂಗಳೂರಿನ ಬೇರೆ ಯಾವುದೋ ಶಾಲೆಯ ಹೆಸರು, ಅದರ ಸೆಂಟರ್ ನಂಬರ್ ಇತ್ತು, ಅಂದರೆ ಪರೀಕ್ಷೆ ನಡೆಸಲು ಕೇಂಬ್ರಿಡ್ಜ್‌ನವರು ಮಾನ್ಯತೆ ಪಡೆದ ಶಾಲೆಗೆ ಕೊಡುವ ನಂಬರ್. ನಮ್ಮ ಶಾಲೆಗೆ ಸೆಂಟರ್ ನಂಬರೇ ಇರಲಿಲ್ಲ. ಆಮೇಲೆ ಅವಳು ಬೆರಳಿಟ್ಟು ಇನ್ನೊಂದು ಸಾಲು ತೋರಿಸಿದಳು. ಫಿಸಿಕ್ಸ್ (ವಿಷಯದ ಕೋಡ್ 0625), ಪೇಪರ್ 1, 3, 6. ‘ನಾವು ಓದಿದ್ದು 2 ಮತ್ತ 4, ಅಪ್ಪಾ.’

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ತುಂಬಾ ಪೋಷಕರಿಗೆ ಗೊತ್ತಿಲ್ಲ. ಐಜಿಸಿಎಸ್‌ಇಯಲ್ಲಿ ಗಣಿತ ಮತ್ತು ವಿಜ್ಞಾನದ ವಿಷಯಗಳಿಗೆ ಕೋರ್, ಎಕ್ಸ್‌ಟೆಂಡೆಡ್ ಅಂತ ಎರಡು ದಾರಿ. ಎಕ್ಸ್‌ಟೆಂಡೆಡ್ ಬರೆದರೆ ಎ-ಸ್ಟಾರ್ ತನಕ ಸಿಗುತ್ತದೆ. ಕೋರ್ ಬರೆದರೆ ಎಷ್ಟೇ ಚೆನ್ನಾಗಿ ಬರೆದರೂ ಸಿ ಗ್ರೇಡಿಗೆ ನಿಲ್ಲುತ್ತದೆ. ಫಿಸಿಕ್ಸ್‌ನಲ್ಲಿ ಪೇಪರ್ 1, 3 ಕೋರ್‌ನವು, 2, 4 ಎಕ್ಸ್‌ಟೆಂಡೆಡ್‌ನವು, 6 ಎರಡಕ್ಕೂ ಒಂದೇ. ಪಾಠ ಮುಗಿದಿರಲಿಲ್ಲ ಅಂತ ನಮ್ಮನ್ನು ಕೇಳದೆಯೇ ಫಿಸಿಕ್ಸ್‌ಗೆ ಮಕ್ಕಳನ್ನೆಲ್ಲ ಕೋರ್‌ಗೆ ಹಾಕಿಬಿಟ್ಟಿದ್ದರು. ಇನ್ನೊಂದು ಕಡೆ, ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟ ಐಜಿಸಿಎಸ್‌ಇಯನ್ನು ಹತ್ತನೇ ತರಗತಿಗೆ ಸಮ ಅಂತ ಒಪ್ಪಲು ಕನಿಷ್ಠ ಐದು ವಿಷಯಗಳಲ್ಲಿ ಸಿ ಅಥವಾ ಮೇಲಿನ ಗ್ರೇಡ್ ಇರಬೇಕು. ನನ್ನ ಮಗಳ ಹತ್ತಿರ ಇದ್ದದ್ದೇ ಐದು ವಿಷಯ. ಒಂದರಲ್ಲಿ ಮೇಲಿನ ಮಿತಿಯೇ ಸಿ. ಒಂದು ಮೆಟ್ಟಿಲು ಜಾರಿದರೆ ಮುಗಿಯಿತು. ತಿದ್ದಿಸಿ ಅಂದರೆ ‘ಈಗ ಲೇಟಾತ್ರಿ’ ಅಂದರು.

ಬೆಂಗಳೂರಿನಲ್ಲಿ ನನ್ನ ತಂಗಿ ಮನೆಯಲ್ಲಿ ತಾಯಿ-ಮಗಳು ತಿಂಗಳ ಮೇಲೆ ಇದ್ದರು. ಈ ಪರೀಕ್ಷೆ ನಮ್ಮ ಎಸ್ಸೆಸ್ಸೆಲ್ಸಿ ಥರ ಎರಡು ವಾರದಲ್ಲಿ ಮುಗಿಯುವುದಿಲ್ಲ. ಒಂದೊಂದು ವಿಷಯಕ್ಕೆ ಎರಡು-ಮೂರು ಪೇಪರ್, ನಡುನಡುವೆ ದಿನಗಟ್ಟಲೆ ಖಾಲಿ.

ಫಲಿತಾಂಶ ಬಂದದ್ದು ಆಗಸ್ಟ್‌ನಲ್ಲಿ. ಫಿಸಿಕ್ಸ್ ಡಿ. ಆ ಹೊತ್ತಿಗೆ ಧಾರವಾಡದ ಪಿಯು ಕಾಲೇಜುಗಳಲ್ಲಿ ಎರಡು ತಿಂಗಳ ಪಾಠ ಆಗಿತ್ತು. ಡಿ ಬರದಿದ್ದರೂ ಸೀಟು ಸಿಗುವುದು ಕಷ್ಟವೇ ಇತ್ತು. ಇದನ್ನು ಯಾರೂ ನಮಗೆ ಮೊದಲು ಹೇಳಿರಲಿಲ್ಲ. ಭಾರತದ ಶಾಲೆಗಳಿಗೆ ಅಂತಲೇ ಕೇಂಬ್ರಿಡ್ಜ್‌ನವರು ಫೆಬ್ರವರಿ-ಮಾರ್ಚ್‌ನಲ್ಲೂ ಪರೀಕ್ಷೆ ನಡೆಸುತ್ತಾರೆ. ಅದರ ಫಲಿತಾಂಶ ಮೇ ತಿಂಗಳಲ್ಲಿ ಬರುತ್ತದೆ, ಪಿಯುಗೆ ಸರಿಹೊಂದುತ್ತದೆ. ನಮ್ಮವರು ಮೇ-ಜೂನ್ ಸರಣಿಗೆ ಹಾಕಿದ್ದರು. ಅಕ್ಟೋಬರ್-ನವೆಂಬರ್‌ನಲ್ಲಿ ಫಿಸಿಕ್ಸ್ ಒಂದನ್ನೇ ಎಕ್ಸ್‌ಟೆಂಡೆಡ್‌ನಲ್ಲಿ ಮತ್ತೆ ಬರೆದಳು, ಸಪ್ತಾಪುರದಲ್ಲಿ ಟ್ಯೂಷನ್ ಹೋಗಿ. ಬಿ ಬಂತು. ಆದರೆ ಜೂನ್ ತನಕ ಮನೆಯಲ್ಲೇ ಕೂತಳು. ಜೊತೆಗಿನವರು ಚಿಗರಿ ಬಸ್ಸಿನಲ್ಲಿ ಕಾಲೇಜಿಗೆ ಹೋಗುವುದನ್ನು ನೋಡುತ್ತಾರೆ ಅಂತ ಸಂಜೆ ಹೊರಗೆ ಬರುವುದನ್ನೇ ಬಿಟ್ಟಿದ್ದಳು. ನನಗೆ ದುಡ್ಡಿಗಿಂತ ಅದು ಜಾಸ್ತಿ ನೋವು.

ಹಾಗಾಗಿ ಕೇಳುತ್ತೇನೆ, ಫೀಸ್ ಕಟ್ಟುವ ಮೊದಲು ಸೆಂಟರ್ ನಂಬರ್ ಕೇಳಿ. ಭಾರತದ ಕೇಂಬ್ರಿಡ್ಜ್ ಶಾಲೆಗಳದ್ದು ಸಾಮಾನ್ಯವಾಗಿ ‘ಐಎನ್’ ಅಕ್ಷರಗಳಿಂದ ಶುರುವಾಗುತ್ತದೆ, ಒಟ್ಟು ಐದು ಅಕ್ಷರ-ಅಂಕಿ. ಕೇಂಬ್ರಿಡ್ಜ್‌ನ ವೆಬ್‌ಸೈಟಿನಲ್ಲಿ ಶಾಲೆ ಹುಡುಕುವ ಪುಟ ಇದೆ, ಅಲ್ಲಿ ನೀವೇ ನೋಡಿ. ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಅನ್ನುವ ಇನ್ನೊಂದು ವಿದೇಶಿ ಬೋರ್ಡ್) ಅಂದರೆ ಐಬಿಯ ಪಟ್ಟಿಯಲ್ಲಿ ನೋಡಿ. ಸಿಬಿಎಸ್‌ಇ ಅಂದರೆ ಅಫಿಲಿಯೇಷನ್ ನಂಬರ್ ಕೇಳಿ, ಎಷ್ಟನೇ ತರಗತಿವರೆಗೆ ಅಂತಲೂ ಕೇಳಿ, ಯಾಕೆಂದರೆ ಮಕ್ಕಳ ನೋಂದಣಿ 9ರಲ್ಲೇ ಆಗುತ್ತದೆ. ‘ಅಪ್ಲೈ ಮಾಡೀವಿ, ಬರ್ತದ’ ಅಂದರೆ ಎದ್ದು ಬನ್ನಿ. ಮಾರ್ಚ್ ಸರಣಿಯೋ ಜೂನ್ ಸರಣಿಯೋ, ಕೋರೋ ಎಕ್ಸ್‌ಟೆಂಡೆಡ್ಡೋ ಅನ್ನುವುದನ್ನು ಬರೆಸಿಕೊಳ್ಳಿ. ಆರು ವಿಷಯಕ್ಕಿಂತ ಕಡಿಮೆ ಬೇಡ, ಒಂದು ಜಾರಿದರೂ ಐದು ಉಳಿಯಲಿ. ಹೋದ ವರ್ಷ ಬರೆದ ಮಕ್ಕಳ ತಂದೆ-ತಾಯಿ ಜೊತೆ ಮಾತಾಡಿ. ಲ್ಯಾಬ್ ಬೀಗ ತೆಗೆಸಿ ನೋಡಿ.

ಮೊನ್ನೆ ನಮ್ಮ ಓಣಿಯ ಒಬ್ಬರು ಬಣ್ಣದ ಪ್ರಾಸ್ಪೆಕ್ಟಸ್ ಹಿಡಿದು ಬಂದಿದ್ದರು. ಒಳಗಿಂದ ಮಗಳೇ ಬಂದು ಕೂತಳು. ಪ್ರಾಸ್ಪೆಕ್ಟಸ್ ಪೂರ್ತಿ ತಿರುವಿ ಹಾಕಿ, ‘ಕಾಕಾ, ಇದರಾಗ ಎಲ್ಲೂ ನಂಬರ್ ಇಲ್ರಿ’ ಅಂದಳು. ಅವರು ಅಲ್ಲೇ ಫೋನ್ ಮಾಡಿ ಕೇಳಿದರು. ನಾಳೆ ಹೇಳುತ್ತೇವೆ ಅಂದರಂತೆ. ಇವತ್ತಿಗೆ ಒಂಬತ್ತು ದಿನ ಆಯಿತು.