ಕೆಲಸ ಬಿಡುವ ಮುನ್ನ ಚಿತ್ರದುರ್ಗದ ರುಡ್‌ಸೆಟ್‌ಗೆ ಹೋಗಿಬನ್ನಿ

ಖಾಸಗಿ ನೌಕರಿಯಲ್ಲಿ ಕೆಲವು ವರ್ಷ ಕಳೆದು, ಈಗ ಸ್ವಂತ ಉದ್ಯೋಗಕ್ಕೆ ಇಳಿಯಬೇಕೆಂದು ಯೋಚಿಸುತ್ತಿರುವ ನಮ್ಮ ಭಾಗದವರು ರಾಜೀನಾಮೆ ಕೊಡುವ ಮೊದಲೇ, ಸ್ವಉದ್ಯೋಗಕ್ಕೆ ತರಬೇತಿ ಕೊಡುವ ಚಿತ್ರದುರ್ಗದ ರುಡ್‌ಸೆಟ್ ಸಂಸ್ಥೆಯಲ್ಲಿ ಒಂದು ತರಬೇತಿ ಪಡೆಯುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ದಾವಣಗೆರೆಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ನಾನು ರಜೆ ಹಾಕಿ, ಅಲ್ಲಿ ಮೋಟಾರ್ ರೀವೈಂಡಿಂಗ್ (ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದು) ಮತ್ತು ಪಂಪ್‌ಸೆಟ್ ದುರಸ್ತಿಯ ಒಂದು ತಿಂಗಳ ವಸತಿ ತರಬೇತಿ ಮುಗಿಸಿದೆ.

ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ಸಂಸ್ಥೆಯ ಶಾಖೆಯಿದು. ಬ್ಯಾಂಕುಗಳು ಮುಂದೆ ದೇಶದಾದ್ಯಂತ ತೆರೆದ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿಗೆ ಮಾದರಿಯಾದದ್ದೂ ಉಜಿರೆಯ ಆ ಸಂಸ್ಥೆಯೇ. ತರಬೇತಿ, ಊಟ, ವಸತಿ ಎಲ್ಲವೂ ಉಚಿತ. ಆದರೆ ಶಿಸ್ತಿನಲ್ಲಿ ಯಾವ ಸಡಿಲಿಕೆಯೂ ಇಲ್ಲ.

ಕಸುಬನ್ನು ಕಲಿಸುವ ಕ್ರಮ ನನಗೆ ಬಹಳ ಹಿಡಿಸಿತು. ಸುಟ್ಟ ಮೋಟಾರನ್ನು ಬಿಚ್ಚಿದ ಕೂಡಲೇ ಹಳೆಯ ತಂತಿ ಕಿತ್ತುಹಾಕಲು ಬಿಡುವುದಿಲ್ಲ. ಸ್ಟೇಟರ್‌ನಲ್ಲಿ, ಅಂದರೆ ಮೋಟಾರಿನ ತಿರುಗದ ಭಾಗದಲ್ಲಿ, ತಂತಿ ಕೂರಿಸುವ ಸ್ಲಾಟ್‌ಗಳು ಎಷ್ಟಿವೆ, ಒಂದೊಂದು ಕಾಯಿಲ್‌ಗೆ ಎಷ್ಟು ಸುತ್ತು, ತಂತಿಯ ಗೇಜ್ ಯಾವುದು, ಕನೆಕ್ಷನ್ ಹೇಗಿದೆ ಎಂಬುದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡ ಮೇಲಷ್ಟೇ ಕಟ್ಟಿಂಗ್ ಪ್ಲೇಯರ್ ಕೈಗೆ ಬರುತ್ತದೆ. ಸಾಮಾನ್ಯ ಮೋಟಾರಿಗೆ ವೈಂಡಿಂಗ್ ಆದ ಮೇಲೆ ವಾರ್ನಿಶ್ ಹಾಕಿ ಒಣಗಿಸಿದರೆ, ನೀರು ತುಂಬಿಸಿಯೇ ಓಡಿಸುವ ಸಬ್‌ಮರ್ಸಿಬಲ್ ಮೋಟಾರಿಗೆ ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನೇ ಸುತ್ತಬೇಕು. ಕೊಳವೆಬಾವಿಗಳನ್ನೇ ನೆಚ್ಚಿಕೊಂಡ ಚಳ್ಳಕೆರೆ, ಹಿರಿಯೂರು, ಜಗಳೂರು ಸೀಮೆಯಲ್ಲಿ ಈ ವ್ಯತ್ಯಾಸ ತಿಳಿಯದವನಿಗೆ ಅಂಗಡಿ ನಡೆಸಲು ಆಗದು.

ಆದರೂ, ಉದ್ಯೋಗ ಬದಲಿಸುವವರಿಗೆ ಕಸುಬಿಗಿಂತ ಹೆಚ್ಚು ಬೆಲೆಬಾಳುವುದು ಉದ್ಯಮಶೀಲತೆಯ ತರಗತಿಗಳು. ಅಲ್ಲಿ ಗೂಟಕ್ಕೆ ರಿಂಗ್ ಎಸೆಯುವ ಒಂದು ಆಟ ಆಡಿಸುತ್ತಾರೆ. ಎಷ್ಟು ದೂರದಲ್ಲಿ ನಿಲ್ಲಬೇಕೆಂಬುದು ನಮ್ಮದೇ ಆಯ್ಕೆ. ದೂರ ಹೆಚ್ಚಿದಷ್ಟೂ ಅಂಕ ಹೆಚ್ಚು. ಸಂಬಳಕ್ಕೆ ಒಗ್ಗಿಹೋದ ನಾವು ಕೆಲವರು ಗೂಟದ ಬುಡದಲ್ಲೇ ನಿಂತೆವು. ಕೆಲವು ಹುಡುಗರು ಗೋಡೆಯವರೆಗೂ ಸರಿದು ಅದೃಷ್ಟಕ್ಕೆ ಬಿಟ್ಟರು. ತನ್ನ ಕೈಯ ಅಳತೆ ನೋಡಿಕೊಂಡು ಒಂದೊಂದೇ ಹೆಜ್ಜೆ ಹಿಂದೆ ಸರಿದವರಿಗೆ ಹೆಚ್ಚು ಅಂಕ ಬಂತು. ಕೆಲಸ ಬಿಡುವುದೋ ಬೇಡವೋ ಎಂದು ಮನೆಯಲ್ಲಿ ನಡೆದ ಎಷ್ಟೋ ಚರ್ಚೆಗಳಿಗಿಂತ ಆ ಮಧ್ಯಾಹ್ನ ನನಗೆ ಹೆಚ್ಚು ತಿಳಿವಳಿಕೆ ಕೊಟ್ಟಿತು.

ನಂತರದ್ದು ಮಾರುಕಟ್ಟೆ ಸಮೀಕ್ಷೆ. ಊರಿನ ರೀವೈಂಡಿಂಗ್ ಅಂಗಡಿಗಳಿಗೆ ನಮ್ಮನ್ನೇ ಕಳುಹಿಸಿ, ವಿಚಾರಿಸಿಕೊಂಡು ಬಂದು ವರದಿ ಬರೆಯಲು ಹೇಳುತ್ತಾರೆ. ವೋಲ್ಟೇಜ್ ಕುಸಿದು, ನೀರಿಲ್ಲದೆ ಓಡಿ ಮೋಟಾರುಗಳು ಸುಡುವ ಬೇಸಿಗೆಯಲ್ಲಿ ಕೈತುಂಬ ಕೆಲಸ, ಮಳೆ ಹಿಡಿದರೆ ಅಂಗಡಿ ಖಾಲಿ; ರೈತರ ಬಾಕಿ ಬರುವುದು ಫಸಲು ಮಾರಿದ ಮೇಲೆ; ಆ ತನಕ ತಾಮ್ರದ ತಂತಿಗೆ ಹಾಕಿದ ದುಡ್ಡು ಉದ್ರಿಯಲ್ಲೇ ಉಳಿಯುತ್ತದೆ. ಪ್ರಾಜೆಕ್ಟ್ ರಿಪೋರ್ಟ್ ಬರೆಯಲು ಕುಳಿತಾಗ, ಯಂತ್ರಗಳಿಗಿಂತ ಈ ಉದ್ರಿಯನ್ನು ತಡೆದುಕೊಳ್ಳುವ ದುಡಿಮೆ ಬಂಡವಾಳವೇ ದೊಡ್ಡದೆಂದು ಸ್ಪಷ್ಟವಾಯಿತು. ಆರು ತಿಂಗಳ ಮನೆಖರ್ಚನ್ನು ಬೇರೆಯಾಗಿ ಎತ್ತಿಡದೆ ನೌಕರಿ ಬಿಡಬಾರದೆಂದು ನಾನು ತೀರ್ಮಾನಿಸಿದ್ದು ಆಗಲೇ.

ತರಬೇತಿಯ ನಂತರವೂ ಸಂಸ್ಥೆಯವರು ಫೋನ್ ಮಾಡಿ ವಿಚಾರಿಸುತ್ತಾರೆ, ಸಾಲದ ಅರ್ಜಿಗೆ ನೆರವಾಗುತ್ತಾರೆ. ಸಣ್ಣ ಉದ್ಯಮಗಳಿಗೆ ಜಾಮೀನು ಕೇಳದೆ ಸಾಲ ಕೊಡುವ ಕೇಂದ್ರ ಸರ್ಕಾರದ ಮುದ್ರಾ ಯೋಜನೆಯಲ್ಲಿ ಶಿಶು ವಿಭಾಗಕ್ಕೆ 50,000 ರೂಪಾಯಿ, ಕಿಶೋರ ವಿಭಾಗಕ್ಕೆ 5 ಲಕ್ಷ ರೂಪಾಯಿ ಮಿತಿಯಿದೆ. ಆದರೆ ಪ್ರಮಾಣಪತ್ರ ತೋರಿಸಿದೊಡನೆ ಸಾಲ ಸಿಗುತ್ತದೆಂದು ಯಾರೂ ಲೆಕ್ಕ ಹಾಕಬಾರದು. ನಾನು ಹೋದ ಬ್ಯಾಂಕ್ ಶಾಖೆಯೊಂದರಲ್ಲಿ ಅರ್ಜಿ ತೆಗೆದುಕೊಳ್ಳುವುದಕ್ಕೇ ಹಲವು ಬಾರಿ ಅಲೆಸಿದರು.

ಒಂದು ತಿಂಗಳಲ್ಲಿ ಯಾರೂ ಪಳಗಿದ ಮೇಸ್ತ್ರಿಯಾಗುವುದಿಲ್ಲ. ಆದ್ದರಿಂದ ಒಂದು ಬೇಸಿಗೆಯಾದರೂ ಅನುಭವಸ್ಥರ ಅಂಗಡಿಯಲ್ಲಿ ಭಾನುವಾರಗಳಂದು ಕೈಕೆಲಸ ಮಾಡಿದ ಮೇಲೆಯೇ ಸ್ವಂತ ಬೋರ್ಡ್ ಹಾಕುವುದು ಲೇಸು. ನಾನೂ ಈಗ ಅದನ್ನೇ ಮಾಡುತ್ತಿದ್ದೇನೆ. ವಸತಿ ತರಬೇತಿಯಾದ್ದರಿಂದ ಇಡೀ ತಿಂಗಳು ರಜೆ ಬೇಕು, ವಯೋಮಿತಿಯೂ ಇದೆ. ಮುಂದಿನ ತಂಡ ಯಾವಾಗ, ಯಾವ ದಾಖಲೆ ಬೇಕು ಎಂಬುದನ್ನು ಸಂಸ್ಥೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಂಡು, ಆಮೇಲೆ ಮಾಲೀಕರ ಬಳಿ ರಜೆ ಕೇಳಿ.