ಮುತ್ತಜ್ಜಿಯ ಸೀರೆಗಳ ಕೌದಿ: ಯಾರ ಕೈಗೆ ಕೊಡಬೇಕು?

ಮುತ್ತಜ್ಜಿ ಹೋದ ಮೇಲೆ ಟ್ರಂಕಿನಲ್ಲಿ ಉಳಿದ ಸೀರೆಗಳಿಂದ ಕೌದಿ, ಅಂದರೆ ಹಳೆ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಹೊದಿಕೆ, ಹೊಲಿಸುವುದಕ್ಕೆ ಈಗ ಎರಡು ದಾರಿಗಳಿವೆ. ಉತ್ತರ ಕರ್ನಾಟಕದ ಊರುಗಳಲ್ಲಿ ಕೈಯಲ್ಲೇ ಹೊಲಿದುಕೊಡುವ ಹೆಂಗಸರು ಇನ್ನೂ ಇದ್ದಾರೆ. ಕೊರಿಯರ್‌ನಲ್ಲಿ ಸೀರೆ ತರಿಸಿಕೊಂಡು ಮಷೀನ್‌ನಲ್ಲಿ ಹೊಲಿದು ಕಳಿಸುವ ಆನ್‌ಲೈನ್ ಅಂಗಡಿಗಳೂ ಇವೆ. ಹಳೆಯ ಬಟ್ಟೆಯ ಮಟ್ಟಿಗೆ ಕೈಹೊಲಿಗೆಗೆ ಐದಕ್ಕೆ ನಾಲ್ಕೂವರೆ ಅಂಕ, ಮಷೀನ್‌ಗೆ ಎರಡು.

ಮಷೀನ್ ಸೂಜಿ ಒಂದೇ ಗೆರೆಯಲ್ಲಿ ಒತ್ತೊತ್ತಾಗಿ ತೂತು ಹಾಕುತ್ತದೆ. ಐವತ್ತು ಅರವತ್ತು ವರ್ಷ ಉಟ್ಟು ಒಗೆದು ಸವೆದ ನೂಲು ಆ ಗೆರೆಗುಂಟ ಪಿಸಿಯುತ್ತದೆ. ಅದರಲ್ಲಿ ಓಡುವ ಪಾಲಿಯೆಸ್ಟರ್ ದಾರ ಹಳೆ ಹತ್ತಿಗಿಂತ ಗಟ್ಟಿ. ಎಳೆತ ಬಿದ್ದಾಗ ದಾರ ಉಳಿದು ಬಟ್ಟೆ ಹರಿಯುತ್ತದೆ. ದಪ್ಪ ಹತ್ತಿ ದಾರದ ಕೈಹೊಲಿಗೆಯಲ್ಲಿ ಇದು ತಿರುವುಮುರುವು. ದಾರ ಮೊದಲು ಹೋಗುತ್ತದೆ, ಸೀರೆ ಉಳಿಯುತ್ತದೆ, ಆ ಸಾಲನ್ನು ಮತ್ತೆ ಹೊಲಿದರಾಯಿತು. ಸಾಲುಗಳ ನಡುವೆ ಒಂದು ಬೆರಳಗಲ ಇರಲಿ. ಅದಕ್ಕಿಂತ ದೂರವಾದರೆ ಒಳಪದರಗಳು ಜರುಗಿ ಗಂಟಾಗುತ್ತವೆ.

ಎಷ್ಟು ಸೀರೆ ಬೇಕು? 5 ಅಡಿಗೆ 7 ಅಡಿಯ ಕೌದಿಗೆ ನಾಲ್ಕೈದು ಪದರ ಸಾಕು. ಒಂಬತ್ತು ಗಜದ ಸೀರೆ 324 ಇಂಚು ಉದ್ದ, ಅಗಲ ಸುಮಾರು 45 ಇಂಚು. ಅದನ್ನು 60 ಇಂಚಿನ ತುಂಡುಗಳಾಗಿ ಕತ್ತರಿಸಿ ಎರಡೆರಡನ್ನು ಅಗಲಕ್ಕೆ ಜೋಡಿಸಿದರೆ ಎರಡು ಪದರ ಬಂದು, ಇನ್ನೊಂದು ತುಂಡು ಮಿಗುತ್ತದೆ. ಎರಡು ಸೀರೆಯಲ್ಲಿ ತಳ ಮತ್ತು ಒಳಪದರಗಳು ಮುಗಿದವು. ಮೇಲ್ಪದರಕ್ಕೆ ಮಿಕ್ಕ ಸೀರೆ, ಕುಪ್ಪಸ, ಗುಳೇದಗುಡ್ಡದ ಖಣಗಳ (ಕುಪ್ಪಸದ ಬಟ್ಟೆ) ಚೂರು. ಹತ್ತು ಸೀರೆ ಕೇಳುವವರಿಗೆ ಹತ್ತನ್ನೂ ಕೊಟ್ಟುಬಿಡಬೇಡಿ. ಒಂದು ಸೀರೆಯನ್ನಾದರೂ ಇಡಿಯಾಗಿ ಉಳಿಸಿಕೊಳ್ಳಿ.

ಹೆಚ್ಚು ಹಾಳಾಗುವುದು ಇಳಕಲ್ ಸೀರೆಯೇ. ಅದರ ಮೈಯ ಹಾಸನ್ನೂ (ಉದ್ದಕ್ಕೆ ಓಡುವ ಎಳೆಗಳು) ಸೆರಗಿನ ರೇಷ್ಮೆ ಹಾಸನ್ನೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಸರಿಯಾಗಿ ಆ ಕೊಂಡಿಯ ಮೇಲೆ ಕತ್ತರಿ ಬಿದ್ದರೆ ಎಳೆಗಳು ಬಿಚ್ಚಿಕೊಳ್ಳುತ್ತವೆ. ಎರಡು ಇಂಚು ಬಿಟ್ಟೇ ಕತ್ತರಿಸಬೇಕು. ಕಸೂತಿಯ ತೇರು, ಗೋಪುರ, ತುಳಸಿಕಟ್ಟೆಗಳನ್ನು ತುಂಡು ಮಾಡಲೇಬಾರದು. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ, ಆದ್ದರಿಂದ ಮಧ್ಯೆ ಕತ್ತರಿಸಿದರೆ ದಾರ ಜಾರಿ ಚಿತ್ತಾರವೇ ಕಳಚುತ್ತದೆ. ಸುತ್ತ ಒಂದಿಂಚು ಬಟ್ಟೆ ಬಿಟ್ಟು ಇಡೀ ಚಿತ್ತಾರವನ್ನು ಮೇಲ್ಪದರದ ನಡುವೆ ಕೂರಿಸಿದರೆ ಚೆಂದ, ಮುತ್ತಜ್ಜಿಯ ಕೈಕೆಲಸವೇ ಆಗಿದ್ದರಂತೂ ಅದಕ್ಕೆ ಬೇರೆ ಜಾಗವೇ ಇಲ್ಲ. ಲೋಹದ ಜರಿಯಂಚು ಮೈಗೆ ಚುಚ್ಚುತ್ತದೆ, ಬಿಚ್ಚಿ ತೆಗೆದಿಡಿ. ಹಳೆಯ ರೇಷ್ಮೆಯನ್ನು ಮಡಿಕೆಯ ಜಾಗದಲ್ಲಿ ಬೆಳಕಿಗೆ ಹಿಡಿದು ನೋಡಿ: ಗೆರೆ ಬಿಟ್ಟಂತೆ ಸೀಳಿದ್ದರೆ ಅದು ಹೊಲಿಗೆ ತಾಳುವುದಿಲ್ಲ.

ಕೊಡುವ ಮೊದಲು ಎಲ್ಲವನ್ನೂ ಒಮ್ಮೆ ಒಗೆಯಬೇಕು. ಗಂಜಿ ಉಳಿದರೆ ಹುಳ ಬೀಳುತ್ತದೆ. ಒಗೆಯದ ಹತ್ತಿ ಆಮೇಲೆ ಕುಗ್ಗಿ ಕೌದಿ ಸೊಟ್ಟಗಾಗುತ್ತದೆ. ನೈಲಾನ್ ಸೀರೆ ಹತ್ತಿಯ ಹಾಗೆ ಕುಗ್ಗುವುದಿಲ್ಲ, ಅದನ್ನು ಬೆರೆಸಬೇಡಿ. ಕೆಂಪು ಅಂಚನ್ನು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಅಂಟಿದರೆ ಬೇರೆಯಾಗಿ ಒಗೆಯಿರಿ, ಅಂಟುವಾಳದ ನೊರೆ ಸಾಕು.

ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೌದಿ ಬೇರೆ ಬಗೆಯದು. ಅಂಚಿನಿಂದ ಶುರು ಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಬಟ್ಟೆಯ ಹೂವು ಕೂರಿಸುತ್ತಾರೆ. ತುಂಡುಗಳ ಜೋಡಣೆ ಅವರ ಕಣ್ಣಿನ ಲೆಕ್ಕದ್ದು. ಅವರಲ್ಲಿ ಹೊಲಿಸುವುದಾದರೆ ನಿಮ್ಮ ನಕ್ಷೆ ಹೇರಬೇಡಿ. ನಮ್ಮ ಕಣ್ಣಿಗೆ ಎಲ್ಲಕ್ಕಿಂತ ಜೀವಂತವಾದ ಕೌದಿ ಅದೇ.

ಕೈಹೊಲಿಗೆಗೆ ಅರ್ಧ ಅಂಕ ಕಳೆದದ್ದು ಭಾರಕ್ಕೆ. ನೆನೆದ ಕೌದಿಯನ್ನು ಒಬ್ಬರೇ ಎತ್ತಲಾಗದು. ಹಿಂಡಿದರೂ ಒಂದೇ ತಂತಿಗೆ ಜೋಲುಹಾಕಿದರೂ ಹೊಲಿಗೆ ಕಿತ್ತುಬರುತ್ತದೆ. ಮಂಚದ ಮೇಲೆ ಹರಡಿ ನೆರಳಲ್ಲಿ ಒಣಗಿಸಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ತೇವ ಕಟ್ಟಿ ಬೂಸ್ಟು ಬರುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ.

ಕತ್ತರಿಸುವ ಮುನ್ನ ಪ್ರತಿ ಸೀರೆಯನ್ನೂ ಬಿಚ್ಚಿ ಫೋಟೊ ತೆಗೆದು, ಮನೆಯ ಹಿರಿಯರನ್ನು ಕೂರಿಸಿ ಯಾವುದು ಧಾರೆಯದು, ಯಾವುದು ಹೊಲಕ್ಕೆ ಉಟ್ಟದ್ದು, ಯಾವುದು ಮಗಳ ಬಾಣಂತನಕ್ಕೆ ಬಂದದ್ದು ಎಂದು ಕೇಳಿ ಬರೆದಿಡಿ. ಕೌದಿ ಸಿದ್ಧವಾದಾಗ ಅದರ ಫೋಟೊದ ಮೇಲೆ ತುಂಡು ತುಂಡಿಗೂ ಆ ವಿವರ ಗುರುತಿಸಿ. ಹಿಂಬದಿಯ ಮೂಲೆಯಲ್ಲಿ ಮುತ್ತಜ್ಜಿಯ ಹೆಸರು, ತವರೂರು, ಹುಟ್ಟಿದ ಮತ್ತು ತೀರಿದ ವರ್ಷಗಳನ್ನು ದಾರದಲ್ಲೇ ಹೊಲಿಸಿ. ಶಾಯಿ ನಾಲ್ಕು ಒಗೆತಕ್ಕೆ ಮಾಸುತ್ತದೆ.