ಎರಡು ಮಳೆಗಾಲ, ನಾಲ್ಕು ಬಗೆಯ ಗೂಡು

ಮಲ್ಪೆಯಲ್ಲಿ ನಮ್ಮ ಮನೆಯಿಂದ ಕಡಲು ಕೂಗಳತೆಯಲ್ಲಿದೆ. ಕಿಟಕಿಯ ಸರಳುಗಳನ್ನೇ ತಿನ್ನುವ ಉಪ್ಪುಗಾಳಿ ನಾಣ್ಯಗಳನ್ನು ಬಿಟ್ಟೀತೇ? ಅಜ್ಜಿ ಕೊಟ್ಟ 1862ರ ವಿಕ್ಟೋರಿಯಾ ರೂಪಾಯಿಯನ್ನು ನಾನು ಕಾಗದದಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೆ. ವರ್ಷಗಳ ನಂತರ ಬಿಚ್ಚಿದರೆ ಬ್ಯಾಂಡ್ ಇದ್ದ ಜಾಗದಲ್ಲಿ ಅಷ್ಟೇ ಅಗಲದ ಕಪ್ಪು ಗೆರೆ. ರಬ್ಬರಿನ ಗಂಧಕ ಬೆಳ್ಳಿಗೆ ಶತ್ರು ಎಂಬುದು ಆಗ ನನಗೆ ತಿಳಿದಿರಲಿಲ್ಲ. ಆ ಸಂಕಟದಲ್ಲೇ ಈ ಪರೀಕ್ಷೆಗೆ ಇಳಿದೆ. ಐದನೇ ಜಾರ್ಜ್ ಕಾಲದ ಕಂಚಿನ ಕಾಲಾಣೆಗಳು ನನ್ನಲ್ಲಿ ಹಲವು ಇದ್ದವು. ಅವನ್ನು ನಾಲ್ಕು ರೀತಿಯಲ್ಲಿ ಇಟ್ಟು ಎರಡು ಮಳೆಗಾಲ ಕಾದೆ.

ಮೊದಲನೆಯದು, ಎಲ್ಲರ ಮನೆಯಲ್ಲೂ ಇರುವ ಮೆದು ಪ್ಲಾಸ್ಟಿಕ್ ಜೇಬುಗಳ ಆಲ್ಬಂ. ಅದನ್ನು ಬಳಸಬೇಡಿ. ಅದರ ಜೇಬುಗಳು ಪಿವಿಸಿ ಎಂಬ ಪ್ಲಾಸ್ಟಿಕ್ಕಿನವು; ಆ ಹಾಳೆಯನ್ನು ಮೆದುವಾಗಿಸಲು ಬೆರೆಸಿದ ಎಣ್ಣೆಯಂಥ ವಸ್ತು ನಿಧಾನವಾಗಿ ಹೊರಗೆ ಜಿನುಗುತ್ತದೆ, ಹಾಳೆಯೂ ಆಮ್ಲವನ್ನು ಬಿಡುತ್ತದೆ. ಎರಡನೇ ಮಳೆಗಾಲ ಕಳೆಯುವಷ್ಟರಲ್ಲಿ ನನ್ನ ಕಾಲಾಣೆಯ ಅಂಚಿನಲ್ಲಿ ಅಂಟಂಟಾದ ಹಸಿರು ಪೊರೆ ಕಟ್ಟಿತ್ತು. ಶುದ್ಧ ಅಸಿಟೋನ್ ಎಂಬ ದ್ರಾವಕದಲ್ಲಿ ಅದ್ದಿ ತೆಗೆದೆ. ಪೊರೆ ಹೋಯಿತು, ಕೊರೆದ ಗುರುತು ಉಳಿಯಿತು.

ಮೈಲಾರ್ ಎಂಬ ತೆಳು ಪಾರದರ್ಶಕ ಪ್ಲಾಸ್ಟಿಕ್ಕಿನ ಕಿಟಕಿ ಇರುವ ರಟ್ಟಿನ ಚೌಕಗಳು ಅಗ್ಗ, ಮೇಲೆ ವಿವರ ಬರೆಯಲೂ ಅನುಕೂಲ. ಮೈಲಾರಿನಿಂದ ನಾಣ್ಯಕ್ಕೆ ತೊಂದರೆಯಿಲ್ಲ. ಆದರೆ ಜುಲೈನಲ್ಲಿ ರಟ್ಟು ಹಪ್ಪಳದಂತೆ ತೇವ ಎಳೆದುಕೊಂಡಿತು, ಸ್ಟೇಪ್ಲರ್ ಪಿನ್ನುಗಳು ತುಕ್ಕು ಹಿಡಿದವು. ಘಟ್ಟದ ಮೇಲಿನ ಒಣ ಊರುಗಳವರಿಗೆ ಇದು ಸಾಕಾದೀತು, ನಮಗೆ ಸಾಲದು.

ನಾನು ಹೆಚ್ಚು ನಂಬಿದ್ದು ಗಾಳಿ ಹೀರಿ ಮುಚ್ಚುವ ನಿರ್ವಾತ ಚೀಲವನ್ನು. ಮೋಸಹೋದದ್ದೂ ಅಲ್ಲೇ. ಜೂನ್ ತಿಂಗಳ ಒಂದು ಮಳೆಯ ಸಂಜೆ ಸೀಲ್ ಮಾಡಿದ ನಾಣ್ಯದಲ್ಲಿ ನವರಾತ್ರಿಯ ಹೊತ್ತಿಗೆ ಕಂದು ಚುಕ್ಕೆಗಳು ಎದ್ದಿದ್ದವು. ಯಂತ್ರ ಗಾಳಿಯನ್ನು ಎಳೆದಿತ್ತು, ಲೋಹಕ್ಕೆ ಅಂಟಿದ್ದ ತೇವ ಮತ್ತು ನನ್ನ ಬೆರಳಿನ ಉಪ್ಪು ಒಳಗೇ ಉಳಿದಿದ್ದವು. ಮುಂದಿನ ಜನವರಿಯಲ್ಲಿ, ನೆತ್ತಿಯ ಮೇಲೆ ಬಿಸಿಲಿರುವಾಗ, ಹತ್ತಿಯ ಕೈಗವಸು ತೊಟ್ಟು ಇನ್ನೊಂದನ್ನು ಸೀಲ್ ಮಾಡಿದೆ. ಅದು ಒಂದಿಡೀ ಮಳೆಗಾಲ ಕಳೆದರೂ ಇಟ್ಟ ಹಾಗೆಯೇ ಇದೆ. ಚೀಲ ಅದೇ, ಯಂತ್ರ ಅದೇ; ಮುಚ್ಚಿದ ದಿನ ಮಾತ್ರ ಬೇರೆ. ಆದರೂ ನೋಡಬೇಕೆನಿಸಿದಾಗಲೆಲ್ಲ ಚೀಲ ಕತ್ತರಿಸಬೇಕಾಗುವುದು ನನಗೆ ಒಗ್ಗಲಿಲ್ಲ. ಕೈಗೆತ್ತಿ ನೋಡಲಾಗದ ನಾಣ್ಯದಲ್ಲಿ ಏನು ಸಂತೋಷ?

ನಾನು ಕೊನೆಗೆ ಆರಿಸಿಕೊಂಡದ್ದು ಒಂದೊಂದೇ ನಾಣ್ಯ ಇಟ್ಟು ಮುಚ್ಚುವ ಗಟ್ಟಿ ಅಕ್ರಿಲಿಕ್ ಕ್ಯಾಪ್ಸೂಲ್. ಅದೊಂದನ್ನೇ ನಂಬುವಂತಿಲ್ಲ, ಸೇರುವ ಅಂಚಿನಲ್ಲಿ ಗಾಳಿ ನುಸುಳುತ್ತದೆ. ಆದ್ದರಿಂದ ಕ್ಯಾಪ್ಸೂಲ್‌ಗಳನ್ನು ರಬ್ಬರ್ ಪಟ್ಟಿಯ ಬದಲು ಸಿಲಿಕೋನ್ ಪಟ್ಟಿ ಇರುವ, ಬಿಗಿಯಾಗಿ ಮುಚ್ಚುವ ಡಬ್ಬಿಯಲ್ಲಿಟ್ಟು, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಹರಳುಗಳನ್ನು ಹಾಕುತ್ತೇನೆ. ನೀಲಿ ಜೆಲ್‌ನಲ್ಲಿ ವಿಷಕಾರಿ ಕೋಬಾಲ್ಟ್ ಇರುವುದರಿಂದ, ತೇವ ಕುಡಿದಾಗ ಹಸಿರಾಗುವ ಕಿತ್ತಳೆ ಬಣ್ಣದ್ದನ್ನೇ ತರುತ್ತೇನೆ. ಜೋರು ಮಳೆಯ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಪದೇ ಪದೇ ಡಬ್ಬಿ ತೆರೆದರೆ ಅದು ಬೇಗನೆ ಹಸಿರಾಗುತ್ತದೆ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ಕಿತ್ತಳೆಯಾಗುತ್ತದೆ. ಕ್ಯಾಪ್ಸೂಲ್ ಕೊಳ್ಳುವಾಗ ಮಿಲಿಮೀಟರ್ ಲೆಕ್ಕ ಮುಖ್ಯ: ಕಾಲಾಣೆ ಸುಮಾರು 25, ಬೆಳ್ಳಿ ರೂಪಾಯಿ 30ಕ್ಕಿಂತ ತುಸು ಹೆಚ್ಚು. ಸಡಿಲವಾದರೆ ನಾಣ್ಯ ಒಳಗೆ ಅಲುಗಾಡಿ ಗೀರು ಬೀಳುತ್ತದೆ.

ಅಜ್ಜಿಯ ಹಲಸಿನ ಮರದ ಪೆಟ್ಟಿಗೆಯಲ್ಲಿ ಈಗ ನಾಣ್ಯ ಇಡುವುದಿಲ್ಲ. ಮರವೂ ಆಮ್ಲದ ಆವಿ ಬಿಡುತ್ತದೆ. ವಿಕ್ಟೋರಿಯಾ ರೂಪಾಯಿ ಕ್ಯಾಪ್ಸೂಲ್ ಸೇರಿದೆ. ಗೆರೆಯನ್ನು ಉಜ್ಜಿ ತೆಗೆದರೆ ಬೆಳ್ಳಿಯೂ ಸವೆಯುತ್ತದೆಂದು ಹಾಗೆಯೇ ಬಿಟ್ಟಿದ್ದೇನೆ.